ಬುಸಾನಲ್ಲಿ ಬಿಟ್ಟ ಮೂಗು

ಬುಸಾನ್‌ಗೆ ಹೋಗಿ ಬಂದ್ರಂತೆ? ಗೊತ್ತು ಬುಡಿ, ಸ್ಟೇಟಸ್‌ನಲ್ಲಿ ಎಲ್ಲಾ ನೋಡಿದ್ವಿ. ಹೆಯುಂಡೆ ಬೀಚಲ್ಲಿ ಕೈ ಚಾಚಿ ನಿಂತಿದ್ದು, ಜಗಲ್ಚಿ ಮೀನು ಮಾರ್ಕೆಟ್ಟಲ್ಲಿ ತೊಟ್ಟಿಯೊಳಗಿನ ಏಡಿ ಜೊತೆ ಸೆಲ್ಫಿ ತಗೊಂಡಿದ್ದು. (ಲೈಕ್ ಮಾತ್ರ ಒತ್ತಲಿಲ್ಲ. ಹೊಟ್ಟೆಕಿಚ್ಚು, ಮುಚ್ಚಿಡೋದೇನು?)

‘ಟ್ರೇನ್ ಟು ಬುಸಾನ್’ ಸಿನಿಮಾ ನೋಡಿದ ಮೇಲೇ ಅಲ್ವಾ ಆ ಊರಿನ ಹುಚ್ಚು ಹಿಡಿದಿದ್ದು? 1975ರ ‘ಶೋಲೆ’ನೂ ನೋಡಿದ್ರಿ, ಡೈಲಾಗೂ ಬಾಯಿಪಾಠ. ಗಬ್ಬರ್‌ನ ಬಂಡೆ ನೋಡೋಕೆ ರಾಮನಗರದಲ್ಲಿ ರೈಲಿಳಿದು ಆಟೋ ಹಿಡಿದ್ರೆ ಸಾಕಿತ್ತು. ಇಳಿದ್ರಾ? ಮದ್ದೂರು ವಡೆ ಎಲ್ಲಿ ಬರುತ್ತೆ ಅಂತ ಕಿಟಕಿ ಆಚೆ ಇಣುಕ್ತಾ ಕುಂತಿದ್ರಿ.

ಗಮ್ಚನ್ ಗುಡ್ಡದಲ್ಲಿ 148 ಮೆಟ್ಟಿಲು ಹತ್ತಿದ್ರಂತೆ, ಶಭಾಷ್! ಸಾವನದುರ್ಗಕ್ಕೆ ಕರೆದಾಗ ಮಂಡಿನೋವು ಅಂದಿದ್ರಲ್ಲ, ಅದು ವೀಸಾ ಬಂದ ತಕ್ಷಣ ವಾಸಿಯಾಯ್ತಾ? ಅಷ್ಟಕ್ಕೂ ಮಾಗಡಿ ಅಂದ್ರೆ ನಿಮಗೆ ಮೆಟ್ರೋ ಸ್ಟೇಷನ್ನು, ಕನಕಪುರ ಅಂದ್ರೆ ಅಪಾರ್ಟ್‌ಮೆಂಟ್ ಜಾಹೀರಾತು. ಆ ರೋಡುಗಳ ಕೊನೇಲಿ ಒಂದೊಂದು ಊರಿದೆ ಸ್ವಾಮಿ!

ಚೌಕಾಸಿ ವಿಷಯ ಎತ್ತಲಾ? ಬೇಜಾರಾಗ್ತೀರಿ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿದ ಬುಗುರಿಗೆ ಹೇಳಿದ ರೇಟಿನ ಅರ್ಧಕ್ಕೆ ಕೇಳಿ, ಕೊಡದಿದ್ರೆ ನಾಕು ಹೆಜ್ಜೆ ಹೋದಂಗೆ ಮಾಡಿ ತಿರುಗಿ ನೋಡಿದ್ರಿ. ಬುಸಾನಲ್ಲಿ ಫ್ರಿಜ್ ಮ್ಯಾಗ್ನೆಟ್ಟಿಗೆ ಕೇಳಿದಷ್ಟು ವಾನ್ ಎಣಿಸಿಕೊಟ್ಟು ಬಗ್ಗಿ ನಮಸ್ಕಾರ ಬೇರೆ ಮಾಡಿದ್ರಿ.

ಊಟಕ್ಕೆ ಬರೋಣ. ಕತ್ತರಿಸಿ ತಟ್ಟೆಗೆ ಹಾಕಿದ ಮೇಲೂ ಒದ್ದಾಡೋ ಆಕ್ಟೋಪಸ್ ತಿಂದ್ರಂತೆ. ಅದನ್ನ ಚೆನ್ನಾಗಿ ಅಗೀಲಿಲ್ಲಾಂದ್ರೆ ಗಂಟಲಿಗೆ ಕಚ್ಕೊಳ್ಳುತ್ತಂತೆ, ಜೀವಕ್ಕೇ ಅಪಾಯ. ನೀವು ಧೈರ್ಯವಂತರು, ಅಗಿದ್ರಿ. ಕನಕಪುರದ ಬೀಗರ ಊಟದಲ್ಲಿ ರಾಗಿಮುದ್ದೆ ಕಂಡು ‘ಗಂಟಲಲ್ಲಿ ಇಳಿಯಲ್ಲ, ಒಂಚೂರು ಅನ್ನ ಇದ್ಯಾ?’ ಅಂದವರೂ ನೀವೇ ತಾನೆ?

ಇನ್ನೊಂದು ಫೋಟೋ ಇತ್ತು. ಕೈಯಲ್ಲಿ ಪೇಪರ್ ಕಪ್ಪು, ಅದರ ತುಂಬ ಕಂದು ಬಣ್ಣದ್ದೇನೋ, ಕಡ್ಡೀಲಿ ಚುಚ್ಚಿ ಬಾಯಿಗೆ ಇಡ್ತಿದ್ದೀರಿ. ಬೊಂಡೆಗಿ! ಅದೇನು ಗೊತ್ತಾ? (ಹತ್ರ ಬನ್ನಿ, ಮೆಲ್ಲಗೆ ಹೇಳ್ತೀನಿ.) ರೇಷ್ಮೆ ಹುಳದ ಪ್ಯೂಪಾ. ಅಲ್ಲಿ ಬೀದೀಲಿ ಬೇಯಿಸಿ ಮಾರ್ತಾರೆ, ಅಂಗಡೀಲಿ ಡಬ್ಬಿ ಕಟ್ಟಿಯೂ ಇಟ್ಟಿರ್ತಾರೆ.

ಈಗ ನೆನಪು ಮಾಡ್ಕೊಳಿ. ಮೈಸೂರಿಗೆ ಹೋಗೋವಾಗ ರಾಮನಗರ ಬಂತು ಅಂದ್ರೆ ಕಾರಿನ ಗಾಜು ಏರಿಸಿ, ಮೂಗಿಗೆ ಕರ್ಚೀಫ್ ಒತ್ತಿ, ‘ಥೂ, ಏನ್ ನಾತ’ ಅಂತಿದ್ರಲ್ಲ? ಅದು ಇದೇ ಪ್ಯೂಪಾದ್ದು ಕಣ್ರೀ! ಫಿಲೇಚರ್‌ಗಳಲ್ಲಿ ಗೂಡನ್ನ ಬಿಸಿನೀರಲ್ಲಿ ಬೇಯಿಸಿ ಎಳೆ ತೆಗೀತಾರೆ, ಒಳ್ಳೆ ಬೈವೋಲ್ಟೈನ್ ಗೂಡಾದ್ರೆ ಒಂದರಲ್ಲೇ ಕಿಲೋಮೀಟರ್ ಹತ್ರ ಎಳೆ. ಅದು ಮುಗಿದ ಮೇಲೆ ಉಳಿಯೋದು ಪ್ಯೂಪಾ. ನಿಮ್ಮನೆ ಮದುವೆ ಸೀರೇಲಿ ಆ ವಾಸನೆ ಬಂತಾ?

ರಾಮನಗರದ ಗೂಡಿನ ಮಾರ್ಕೆಟ್ಟು ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು. ಎಳೆ ತೆಗೆಯೋ ರೀಲರ್‌ಗಳು ಗೂಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ಒಳಗಿನ ಹುಳ ಸರಿಯಾಗಿದ್ಯಾ ಅಂತ ಕೇಳಿಸ್ಕೊಳ್ಳೋದು ನೋಡ್ಬೇಕು, ಜಗಲ್ಚಿ ಏನೂ ಅಲ್ಲ. ಆದ್ರೆ 2023ರ ಮಾರ್ಚಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತಲ್ಲ, ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಾ ಬೈಪಾಸು. ಕರ್ಚೀಫಿನ ಖರ್ಚೂ ಉಳೀತು ನಿಮಗೆ.

‘ಇಲ್ಲಿ ಯಾರು ಹುಳಾ ತಿಂತಾರೆ ಮಾರಾಯ್ರೇ’ ಅಂತೀರಾ? ಸರಿ. ಇಲ್ಲಿನ ಪ್ಯೂಪಾನ ಒಣಗಿಸಿ ಎಣ್ಣೆಗೆ, ಮೀನಿನ ಫೀಡಿಗೆ, ಕೋಳಿ ಫೀಡಿಗೆ ಕೊಂಡೊಯ್ತಾರೆ. ಮೊನ್ನೆ ಭಾನುವಾರ ಚಿಕನ್ ಕಬಾಬ್ ಎರಡು ಪ್ಲೇಟ್ ಹೊಡೆದ್ರಲ್ಲ, ಆ ಕೋಳಿ ಏನು ತಿಂದಿತ್ತು ಅಂತ ವಿಚಾರಿಸಿದ್ರಾ?