ಲೂಯಿ ವಿಟಾನ್‌ಗೆ ಅಭ್ಯಂಜನ

ನಿವೃತ್ತರಾದ ಗಂಡಸರನ್ನು ಅಮೆರಿಕದ ಮಗಳ ಮನೆಯಲ್ಲಿ ಹಗಲು ಹೊತ್ತು ಸುಮ್ಮನೆ ಬಿಡಬಾರದು. ಕಾರು ಓಡಿಸಲು ಬಾರದು, ಪಕ್ಕದವರ ಇಂಗ್ಲಿಷು ತಿಳಿಯದು, ಹರಟೆಗೆ ಅರಳಿಕಟ್ಟೆಯಿಲ್ಲ. ಉಳಿಯುವುದು ಮನೆಯಲ್ಲಿ ಕಂಡದ್ದನ್ನೆಲ್ಲ ರಿಪೇರಿ ಮಾಡುವುದು. ನ್ಯೂಜೆರ್ಸಿಗೆ ಬಂದವನು ಮೊದಲು ಬಾಗಿಲಿನ ಕಿರುಗುಟ್ಟುವಿಕೆ ನಿಲ್ಲಿಸಿದೆ, ಆಮೇಲೆ ಅಲುಗಾಡುವ ಸ್ಟೂಲಿಗೆ ಮೊಳೆ ಹೊಡೆದೆ. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಕ್ಷೇಮವಿತ್ತು.

ಮಗಳಿಗೆ ಹಳೇ ಬ್ಯಾಗುಗಳನ್ನು ಕೊಂಡು ಮಾರುವ ಹುಚ್ಚು. ಯಾರೋ ತೀರಿಹೋದವರ ಮನೆಯ ಸಾಮಾನು ಮಾರಾಟದಲ್ಲಿ ಅವಳಿಗೆ ಲೂಯಿ ವಿಟಾನ್ ಕಂಪನಿಯ ಸ್ಪೀಡಿ ಎಂಬ ಬ್ಯಾಗೊಂದು ಸಿಕ್ಕಿತ್ತು. ಹಿಡಿಗಳು ಕಂದುಗಟ್ಟಿದ್ದವು, ಜಿಪ್ಪಿನ ಲೋಹ ಮಂಕಾಗಿತ್ತು. ಕೊಟ್ಟ ಬೆಲೆ ಹೆಚ್ಚುಕಡಿಮೆ ನನ್ನ ತಿಂಗಳ ಪಿಂಚಣಿ. "ಅಪ್ಪ, ಇದನ್ನ ಮುಟ್ಬೇಡ. ಹೇಗಿದೆಯೋ ಹಾಗೇ ಇರ್ಲಿ" ಎಂದು ಹೇಳಿ ಆಫೀಸಿಗೆ ಹೋದಳು. ಪಾಪ, ಪುರುಸೊತ್ತಿಲ್ಲದ ಮಗು, ತಾನೇ ತೊಳೆಯಬೇಕೆಂದಿದ್ದಾಳೆ ಎಂದುಕೊಂಡೆ.

ಅಷ್ಟರಲ್ಲಿ ಯೂಟ್ಯೂಬಿನಲ್ಲಿ ಒಬ್ಬಾಕೆ ಹಳೇ ಕೋಚ್ ಬ್ಯಾಗನ್ನು ಪಾತ್ರೆ ಸೋಪಿನ ನೀರಿನಲ್ಲಿ ಪೂರ್ತಿ ಮುಳುಗಿಸಿ, ಒಣಗಿಸಿ, ಹೊಸದು ಮಾಡಿದ್ದನ್ನು ನೋಡಿದೆ. ಆಕೆಯದೇನೂ ತಪ್ಪಿಲ್ಲ. 1941ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆ ಕಂಪನಿ ಬೇಸ್‌ಬಾಲ್ ಗ್ಲೌಸು ನೋಡಿ ತನ್ನ ತೊಗಲಿನ ಹದ ಕಂಡುಕೊಂಡಿತು. ಅದರ ಹಳೇ ಬ್ಯಾಗುಗಳ ತೊಗಲು ದಪ್ಪ, ಒಳಗೆ ಅಸ್ತರಿಲ್ಲ, ಕೊಂಡಿಗಳೂ ಅಪ್ಪಟ ಹಿತ್ತಾಳೆ. ಸಂಗ್ರಾಹಕರು ಅವನ್ನು ಧೈರ್ಯವಾಗಿ ನೀರಿಗೆ ಇಳಿಸುತ್ತಾರೆ. ತೊಗಲೆಂದರೆ ತೊಗಲೇ ತಾನೆ?

ಅಲ್ಲವಂತೆ. ಸ್ಪೀಡಿಯ ಮೈ ತೊಗಲೇ ಅಲ್ಲ, ಪ್ಲಾಸ್ಟಿಕ್ ಲೇಪಿಸಿದ ಕ್ಯಾನ್ವಾಸ್ ಬಟ್ಟೆ. ಅದರ ಮೇಲಿನ ಅಕ್ಷರ ಮತ್ತು ಹೂಗಳ ವಿನ್ಯಾಸ ಜಾರ್ಜ್ ವಿಟಾನ್ 1896ರಲ್ಲಿ ಮಾಡಿದ್ದು. ತೊಗಲಿರುವುದು ಹಿಡಿ, ಅಂಚು, ಪಟ್ಟಿಗಳಲ್ಲಿ. ಅದು ವಾಕೆಟ್ಟಾ: ಮರದ ತೊಗಟೆಯ ಒಗರಿನಲ್ಲಿ ಹದಮಾಡಿ, ಮೇಲೆ ಏನೂ ಬಳಿಯದೆ ಬಿಟ್ಟ ತೊಗಲು. ಹೊಸತರಲ್ಲಿ ನಸುಬಿಳುಪಾಗಿರುತ್ತದೆ. ಬಿಸಿಲು ಮತ್ತು ಕೈಯ ಜಿಡ್ಡು ಕುಡಿಯುತ್ತ ವರ್ಷಗಟ್ಟಲೆ ಕಾದು ಜೇನಿನ ಬಣ್ಣಕ್ಕೆ ಬರುತ್ತದೆ. ನಾನು ಯಾವುದನ್ನು ಕೊಳೆ ಎಂದುಕೊಂಡೆನೋ ಜನ ದುಡ್ಡು ಕೊಡುವುದು ಅದಕ್ಕೇ.

ಇದೆಲ್ಲ ತಿಳಿದದ್ದು ಆಮೇಲೆ. ಮೊದಲು ಸೋಪುನೀರಿನಲ್ಲಿ ಹಿಡಿಗಳನ್ನು ಉಜ್ಜಿದೆ. ನೀರು ಬಿದ್ದಲ್ಲೆಲ್ಲ ಕಲೆ ಎದ್ದಿತು. ಕಲೆಗೆ ಮದ್ದು ಎಣ್ಣೆ. ಅಥಣಿಯಿಂದ ತಂದ ಕೊಲ್ಹಾಪುರಿ ಚಪ್ಪಲಿಗೆ ಎಣ್ಣೆ ತಿಕ್ಕಿಯೇ ಮೆಟ್ಟಿದವನು ನಾನು, ಅದೂ ತೊಗಟೆಯಲ್ಲೇ ಹದವಾದ ತೊಗಲು. ಚಪ್ಪಲಿ ಕಪ್ಪಾದರೆ ಯಾರೂ ಬೆಲೆ ಕಟ್ಟಲು ಬರುವುದಿಲ್ಲ ಎಂಬುದೊಂದು ಮರೆತೆ. ಕೊಬ್ಬರಿ ಎಣ್ಣೆ ಕುಡಿದ ಹಿಡಿ ಒಂದು ಕಡೆ ಕಾಫಿ, ಇನ್ನೊಂದು ಕಡೆ ಡಿಕಾಕ್ಷನ್ ಬಣ್ಣಕ್ಕೆ ಬಂತು. ಸಮ ಮಾಡಲು ಅಳಿಯನ ಕಂದು ಬೂಟ್ ಪಾಲಿಶ್ ಬಳಿದೆ. ಕೊನೆಗೆ ಜಿಪ್ಪಿನ ತುದಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಅದಕ್ಕಿದ್ದದ್ದು ಚಿನ್ನದ ಬಣ್ಣದ ತೆಳು ಲೇಪ. ತಿಕ್ಕಿದಷ್ಟೂ ಹೋಯಿತು.

ನನ್ನವಳು ಒಮ್ಮೆ ನೋಡಿದಳು. "ಊರಲ್ಲಿ ಒಂದು ದಿನಾನೂ ದೇವರ ದೀಪ ಬೆಳಗದವರು, ಅಮೆರಿಕಕ್ಕೆ ಬಂದು ಬ್ಯಾಗು ಬೆಳಗಿದ್ರಾ?"

ಸಂಜೆ ಮಗಳು ಕೂಗಾಡಲಿಲ್ಲ. ಬ್ಯಾಗಿನೊಳಗೆ ಕೈಹಾಕಿ ಒಂದು ತೊಗಲಿನ ಪಟ್ಟಿ ಹುಡುಕಿ, "ಇಲ್ಲಿ ನಂಬರ್ ಇತ್ತಲ್ಲ?" ಎಂದಳು. ಇತ್ತು. ಎರಡು ಅಕ್ಷರ, ಮುಂದೆ 0955. ಗೋದಾಮಿನ ಗುರುತಿರಬೇಕೆಂದು ಅದರ ಮೇಲೂ ಧಾರಾಳವಾಗಿ ಪಾಲಿಶ್ ಬಳಿದಿದ್ದೆ. ಇದು ತಯಾರಾದ ಕಾಲದ ಲೂಯಿ ವಿಟಾನ್ ಬ್ಯಾಗುಗಳಲ್ಲಿ ಮೊದಲ ಮತ್ತು ಮೂರನೆಯ ಅಂಕಿ ಸೇರಿ ತಯಾರಾದ ತಿಂಗಳು, ಎರಡನೆಯದು ಮತ್ತು ನಾಲ್ಕನೆಯದು ಸೇರಿ ಇಸವಿ. ಅಂದರೆ 1995ರ ಮೇ. ನಕಲಿ ಮಾಡುವವರೂ ಅಂಕಿ ಒತ್ತುತ್ತಾರೆ ನಿಜ, ಆದರೆ ಅಂಕಿ ಮುಚ್ಚಿಹೋದ ಅಸಲಿಯನ್ನು ಅಸಲಿ ಎಂದು ನಂಬಿಸುವುದು ಇನ್ನೂ ಕಷ್ಟ. ಇಡೀ ಸರ್ವೀಸಿನಲ್ಲಿ ಕಂಡವರ ರಿಜಿಸ್ಟರುಗಳಿಗೆ 'ತಿದ್ದಿ ಬರೆಯಲಾಗಿದೆ, ಸಮಜಾಯಿಷಿ ನೀಡಿ' ಎಂದು ಆಕ್ಷೇಪಣೆ ಹಾಕಿದ ಆಡಿಟರ್ ನಾನು!

ಸಮಜಾಯಿಷಿ ಕೇಳುವ ಬದಲು ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ನಟಿ ಜೇನ್ ಬರ್ಕಿನ್‌ಗಾಗಿ ಅರ್ಮೆಸ್ ಕಂಪನಿ ಮಾಡಿಕೊಟ್ಟ ಮೊಟ್ಟಮೊದಲ ಬರ್ಕಿನ್ ಬ್ಯಾಗು. ಮೈತುಂಬ ಗೀರು, ಸ್ಟಿಕರು ಅಂಟಿಸಿದ ಕಲೆ, ಪಟ್ಟಿಗೆ ನೇತುಬಿದ್ದ ನೇಲ್ ಕಟರ್. 2025ರ ಜುಲೈಯಲ್ಲಿ ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ ಅದು 86 ಲಕ್ಷ ಯೂರೊಗೆ ಹೋಯಿತು. ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿಗೂ ಮೇಲೆ. ಅದು ನನ್ನ ಕೈಗೆ ಸಿಕ್ಕಿದ್ದರೆ ಸ್ಟಿಕರಿನ ಕಲೆಯನ್ನೆಲ್ಲ ಕೆರೆದು, ನೇಲ್ ಕಟರನ್ನು ಬಾತ್‌ರೂಮಿನಲ್ಲಿಟ್ಟು, ಬ್ಯಾಗನ್ನು ಬಿಸಿಲಿಗೆ ಹಾಕುತ್ತಿದ್ದೆ.

ಮರುವಾರ ರಿಪೇರಿ ಅಂಗಡಿಗೆ ಹೋದೆವು. ಮುದುಕ ಹಿಡಿಯನ್ನು ಮೂಸಿ, "ತೆಂಗು?" ಎಂದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಬಿಚ್ಚಿದ ಹೊಲಿಗೆಯನ್ನು ಅದೇ ಬಣ್ಣದ ದಾರದಲ್ಲಿ, ಅದೇ ತೂತುಗಳಲ್ಲಿ ಹಾಕಿದರೆ ಬೆಲೆ ನಿಲ್ಲುತ್ತದೆ, ಕೆಟ್ಟ ಜಿಪ್ಪು ಓಡುವಂತಾದರೆ ಏರಲೂಬಹುದು. ಆದರೆ ಬಣ್ಣ ಬಳಿದರೆ ಇಳಿಯುತ್ತದೆ ಎಂದು ವಿವರಿಸಿದ. ತಾನೇ ಹೊಸ ಹಿಡಿ ಕೂರಿಸಿದರೆ ಅದು ಕಂಪನಿಯ ಮಾಲಲ್ಲ. ಕಂಪನಿಯವರೇ ಕೂರಿಸಿದರೂ ಬಿಳಿಚಿದ ಹಿಡಿ, ಕಂದು ಅಂಚು. ಮೇಲಾಗಿ ಹೊರಗಿನವರು ಕೈಯಾಡಿಸಿದ ಬ್ಯಾಗನ್ನು ಅಂಥ ಕಂಪನಿಗಳು ಎಷ್ಟೋ ಸಲ ವಾಪಸು ಕಳಿಸುತ್ತವೆ. ಬಳಿದದ್ದನ್ನು ಮುಚ್ಚಿಟ್ಟು ಮಾರಿದರೆ ಮೋಸ, ಹೇಳಿ ಮಾರಿದರೆ ನಷ್ಟ. ನೋಡಿದ್ದಕ್ಕೆ ಅವನು ಕಾಸು ತೆಗೆದುಕೊಳ್ಳಲಿಲ್ಲ. ಅದೇ ಹೆಚ್ಚು ಅವಮಾನವಾಯಿತು.

ಬ್ಯಾಗು ಈಗ ನನ್ನವಳ ಪಾಲಾಗಿದೆ. ಇಂಡಿಯನ್ ಅಂಗಡಿಗೆ ಹೋದಾಗ ಅದರಲ್ಲೇ ನುಗ್ಗೆಕಾಯಿ, ಕೊತ್ತಂಬರಿ ಸೊಪ್ಪು ತರುತ್ತಾಳೆ. ಲೇಪದ ಬಟ್ಟೆಯಾದ್ದರಿಂದ ಸೊಪ್ಪಿನ ನೀರು ಒಂದು ಹನಿಯೂ ಹೊರಗೆ ಸೋರುವುದಿಲ್ಲ.