ಮಾಸ್ತರರ ಟ್ರಂಕೂ ಐದು ಸ್ಪೀಕರೂ

ನಮ್ಮ ಮನೆಗೂ ಮಾಸ್ತರರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ರಾಯಚೂರಿನ ಬಿಸಿಲಿಗೆ ಹಗಲೆಲ್ಲ ಕಾದದ್ದು ಸಂಜೆ ಏಳರವರೆಗೂ ಮೊಳಕೈ ಊರಗೊಡುವುದಿಲ್ಲ. ಅದು ಆರಿತೆಂದರೆ ನಮ್ಮ ಹರಟೆ ಚಾಲೂ. ಮೊನ್ನೆ ಅಷ್ಟು ಕಾಯುವ ಪುರುಸೊತ್ತು ಮಾಸ್ತರರಿಗೆ ಇರಲಿಲ್ಲ. ಹೆಗಲ ಮೇಲಿನ ಟವೆಲ್ ಗೋಡೆಗೆ ಹಾಸಿ, ಅದರ ಮೇಲೆ ಕೈಯೂರಿದರು.

“ತಮ್ಮಾ, ಬೆಂಗಳೂರಿಂದ ಮಗ ಹೋಮ್ ಥಿಯೇಟರ್ ಕಳಿಸ್ಯಾನ. ಐದು ಸ್ಪೀಕರ್, ಮ್ಯಾಲೊಂದು ಗುಡುಗೋ ಡಬ್ಬಿ. ಇದಕ್ಕ ಸಿಡಿ ಪ್ಲೇಯರ್ ಯಾವ್ದು ತರ್ಲಿ?”

ಈ ಪ್ರಶ್ನೆ ನನ್ನ ತನಕ ಬರುವ ಮೊದಲೇ ಮೂರು ಊರು ತಿರುಗಿತ್ತು. ಮಗ ಫೋನಿನಲ್ಲಿ, ತಂದರೆ ಫೋರ್-ಕೆ ಬ್ಲೂ-ರೇನೇ ತರ್ರಿ ಅಂದಿದ್ದ. ದೇವದುರ್ಗದ ಅಳಿಯ, “ಸಿಡಿ ಈಗ ಯಾರು ಹಾಕ್ತಾರ ಮಾವ, ಪೆನ್‌ಡ್ರೈವ್ ಚುಚ್ಚ್ರಿ” ಅಂದಿದ್ದ. ಮಾನ್ವಿಯಲ್ಲಿರುವ, ಮಾಸ್ತರರ ಹೆಂಡತಿ ಅಕ್ಕಾರ ತಮ್ಮ, ಅಟ್ಟದ ಮೇಲೆ ಹಳೇ ಡಿವಿಡಿ ಬಿದ್ದೈತಿ, ಒಯ್ಯಿರಿ ಎಂದು ಪುಕ್ಕಟೆ ದಾರಿ ತೋರಿಸಿದ್ದ.

“ಅದು ಬ್ಯಾಡ್ರಿ ಮಾಸ್ತರ್ರ,” ಅಂದೆ. ಅದರಲ್ಲಿ ಇರೋದು ಹಳದಿ-ಬಿಳಿ-ಕೆಂಪು ಮೂರು ತೂತು. ಈಗಿನ ಎಷ್ಟೋ ಟಿವಿಗಳಲ್ಲಿ ಆ ತೂತೇ ಇಲ್ಲ, ಎಚ್‌ಡಿಎಂಐ ಒಂದೇ. ಮೇಲಾಗಿ ಮಾನ್ವಿ ಕಡೆ ರೈಸ್‌ಮಿಲ್ಲಿನ ಹೊಟ್ಟಿನ ಬೂದಿ ಎಲ್ಲಿ ಹೊಕ್ಕಿಲ್ಲ! ಪ್ಲೇಯರಿನ ಕಣ್ಣು ಅಂದರೆ ಕಡಲೆಬೇಳೆಯಷ್ಟು ಒಂದು ಮಸೂರ. ಅದಕ್ಕೆ ದೂಳಿನ ಪೊರೆ ಬಂತೆಂದರೆ ಯಾವ ಸಿಡಿ ಹಾಕಿದರೂ ‘ನೋ ಡಿಸ್ಕ್’. ನನ್ನ ಮೊದಲ ಪ್ಲೇಯರಿಗೂ ಹೀಗೇ ಕುರುಡು ಬಂತು. ಅಂಗಡಿಯವನು ಬಿಚ್ಚಿ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಕೊಟ್ಟ. ಎರಡು ತಿಂಗಳು ಕಂಡಿತು, ಮತ್ತೆ ಕಾಣಲಿಲ್ಲ. ಕರೆಂಟಿನ ಕಥೆ ಬೇರೆ. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಸ್ಥಾವರ ಹೊಗೆ ಬಿಡುತ್ತ ನಿಂತಿದೆ, ನಾವು ಇಲ್ಲಿ ಸ್ಟೆಬಿಲೈಸರ್ ಬೆಲೆ ಕೇಳುತ್ತೇವೆ.

“ಹಂಗಾರ ಬ್ಲೂ-ರೇನಾ?”

ಬ್ಲೂ-ರೇ ಕೆಟ್ಟದ್ದಲ್ಲ. ಸಿಡಿ ಓದುವ ಬೆಳಕಿನ ಅಲೆ 780 ನ್ಯಾನೋಮೀಟರು, ಡಿವಿಡಿಯದು 650, ಬ್ಲೂ-ರೇಯದು 405. ಬೆಳಕು ಸಣ್ಣದಾದಷ್ಟೂ ಅಕ್ಷರ ಸಣ್ಣದಾಗಿ, ಒತ್ತೊತ್ತಾಗಿ ಬರೆಯಬಹುದು. ಅದಕ್ಕೇ ಅದೇ 12 ಸೆಂಟಿಮೀಟರಿನ ಬಿಲ್ಲೆಯಲ್ಲಿ ಡಿವಿಡಿಯ ಒಂದು ಪದರ 4.7 ಜಿಬಿ ಹಿಡಿದರೆ ಬ್ಲೂ-ರೇಯದು 25 ಹಿಡಿಯುತ್ತದೆ. ಒಳ್ಳೆಯದೇ, ಆದರೆ ಬಿಲ್ಲೆ ಎಲ್ಲಿಂದ ತರುವುದು? ಮೋಸರ್ ಬೇರ್ ಕಂಪನಿ 34 ರೂಪಾಯಿಗೆ ಡಿವಿಡಿ ಮಾರಿದ ಕಾಲ ಒಂದಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಕೊಂಡಷ್ಟು ಸಲೀಸಾಗಿ ಕೊಂಡೆವು. ಈಗ ಆ ಕಂಪನಿಯೇ ಇಲ್ಲ. ಹೆಸರುವಾಸಿ ಪ್ಲೇಯರ್ ಮಾಡುತ್ತಿದ್ದ ಒಪ್ಪೋ ಡಿಜಿಟಲ್‌ನವರು 2018ರಲ್ಲೇ ಕೈ ತೊಳೆದುಕೊಂಡರು. ಇನ್ನು ತೀನ್ ಕಂದೀಲಿನಿಂದ ಸ್ಟೇಷನ್ ರೋಡಿನವರೆಗೆ ನಡೆದು ಫೋರ್-ಕೆ ಡಿಸ್ಕ್ ಕೇಳಿದರೆ, ಡಿಸ್ಕ್ ಬ್ರೇಕಾ ಸಾರ್ ಅಂದಾರು.

“ಮೊದಲ ಇದನ್ನ ಹೇಳ್ರಿ,” ಅಂದೆ, “ಹಾಕೋದು ಏನನ್ನ?”

ಮಾಸ್ತರರು ಒಳಗೆ ಹೋಗಿ ಟ್ರಂಕನ್ನೇ ಎತ್ತಿಕೊಂಡು ಬಂದರು. ‘ಬಬ್ರುವಾಹನ’ದ ಒಂದು ಡಿವಿಡಿ. ಬ್ಯಾಂಕಿನವರು ಕೊಟ್ಟ ಭಕ್ತಿಗೀತೆ ಸಿಡಿ ನಾಲ್ಕು. ತಳದಲ್ಲಿ, ಸೀರೆಯ ಡಬ್ಬಿಯೊಳಗೆ, ಮಗಳ ಮದುವೆಯ ಮೂರು ವಿಸಿಡಿ. 2006ರಲ್ಲಿ ಮಾನ್ವಿಯಲ್ಲಿ ಆದ ಮದುವೆ. ಒಂದರಲ್ಲಿ ಸುಮಾರು ಒಂದೂಕಾಲು ಗಂಟೆ ಮಾತ್ರ ಹಿಡಿಯುತ್ತಿದ್ದ ಕಾಲ ಅದು. ಅರಿಷಿಣಕ್ಕೊಂದು, ಅಕ್ಕಿಕಾಳಿಗೊಂದು, ಊಟಕ್ಕೊಂದು.

ಒಂದನ್ನು ತೆಗೆದು ಮಾಸ್ತರರು ಹಾ ಎಂದು ಉಸಿರು ಬಿಟ್ಟು ಧೋತ್ರದ ಚುಂಗಿನಿಂದ ಗರಗರ ಉಜ್ಜತೊಡಗಿದರು. ನಾನು ಗೋಡೆ ಹಾರಿ ಕೈ ಹಿಡಿದೆ. ಬರಹ ಇರುವುದು ಸುತ್ತಿನ ದಾರಿಯಲ್ಲಿ. ಅದೇ ಸುತ್ತಿಗೆ ಉಜ್ಜಿದರೆ ಗೀರೂ ಅದೇ ದಾರಿ ಹಿಡಿದು ಉದ್ದಕ್ಕೂ ಅಳಿಸಿಕೊಂಡು ಹೋಗುತ್ತದೆ. ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಬೇಕು. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆವು. ಅಲ್ಲಲ್ಲಿ ಬೆಳ್ಳಿ ಉದುರಿ, ಸೂಜಿ ಚುಚ್ಚಿದ ಹಾಗೆ ಬೆಳಕು ಬರುತ್ತಿತ್ತು. ಫೋಟೋ ಸ್ಟುಡಿಯೋದವರು ಬರೆದುಕೊಡುವ ಸಿಡಿ ಕಾರ್ಖಾನೆಯಲ್ಲಿ ಅಚ್ಚು ಒತ್ತಿದ್ದಲ್ಲ, ಬಣ್ಣದ ಪದರದ ಮೇಲೆ ಲೇಸರಿನಿಂದ ಸುಟ್ಟದ್ದು. ಬಿಸಿಲಿಗೆ ಆ ಬಣ್ಣವೇ ಮಾಸುತ್ತದೆ. ತಗಡಿನ ಟ್ರಂಕಿನಲ್ಲಿ ರಾಯಚೂರಿನ ಇಷ್ಟು ಬೇಸಿಗೆ ತಡೆದದ್ದೇ ದೊಡ್ಡದು.

ಇದನ್ನೆಲ್ಲ ನೋಡಿ ಹೇಳಿದೆ: ದುಬಾರಿಯದು ಬೇಡ, ವಿಸಿಡಿ ಅಂತ ಡಬ್ಬಿಯ ಮೇಲೆ ಬರೆದಿರಬೇಕು; ಎಷ್ಟೋ ಬ್ಲೂ-ರೇ ಪ್ಲೇಯರು ಅದನ್ನು ಮುಟ್ಟುವುದೇ ಇಲ್ಲ. ಎಚ್‌ಡಿಎಂಐ ಇರಲಿ, ಪೆನ್‌ಡ್ರೈವಿನ ತೂತಿರಲಿ. ಅಂಗಡಿಗೆ ಈ ಮೂರೂ ಸಿಡಿ ಒಯ್ದು, ಅಲ್ಲೇ ಹಾಕಿಸಿ, ಓಡಿದರಷ್ಟೇ ದುಡ್ಡು ಕೊಡಿ. ಮನೆಗೆ ತಂದ ದಿನವೇ ಇವನ್ನು ಕಂಪ್ಯೂಟರಿಗೆ ಇಳಿಸಿಬಿಡಿ. ಒಟ್ಟಿನಲ್ಲಿ ಅಳಿಯ ಹೇಳಿದ್ದೂ ಸುಳ್ಳಲ್ಲ.

“ಐದೂ ಸ್ಪೀಕರ್ ಮಾತಾಡ್ತಾವಲ್ಲ?” ಮಾಸ್ತರರ ಆಸೆ ಅಲ್ಲೇ ನಿಂತಿತ್ತು.

ವಿಸಿಡಿಯಲ್ಲಿ ಇರೋದೇ ಎರಡು ದಾರಿ ಧ್ವನಿ. ಬಾಕಿ ಮೂರು ಸುಮ್ಮನೆ ಕೂತಿರುತ್ತವೆ, ಇಲ್ಲವೇ ಅದನ್ನೇ ಹಂಚಿಕೊಂಡು ಹೇಳುತ್ತವೆ. ಚಿತ್ರವೂ ಅಷ್ಟೆ, 352ಕ್ಕೆ 288 ಚುಕ್ಕಿ. ಮಗನ ಫೋರ್-ಕೆ ಪರದೆಯಲ್ಲಿ ಇದರ ಒಂದು ಚುಕ್ಕಿ ಎಂಬತ್ತು ಚುಕ್ಕಿಯ ಜಾಗ ತುಂಬಬೇಕು, ಕಣಕ ಕಡಿಮೆಯಾದ ಹೋಳಿಗೆ ಲಟ್ಟಿಸಿದ ಹಾಗೆ.

ನಂಬಲಿಲ್ಲ. ನಡೀ, ನಿಮ್ಮನಿ ಟಿವಿಗೆ ಹಾಕೋಣ ಅಂದರು. ನನ್ನ ಪ್ಲೇಯರು ಎರಡು ಸಲ ಕೆಮ್ಮಿ ಅಕ್ಕಿಕಾಳಿನ ಸಿಡಿ ಹಿಡಿಯಿತು. ಅಷ್ಟರಲ್ಲಿ ಅಕ್ಕಾರೂ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತರು. ಮಂಟಪ, ಬಾಸಿಂಗ, ತಲೆ ತಲೆ. ಮುಂದಿನ ಸಾಲಿನಲ್ಲಿ ಮಾಸ್ತರರ ತಾಯಿ, ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಕ್ಯಾಮೆರಾ ಅವರ ಮುಖಕ್ಕೆ ಬಂತು. ಅಜ್ಜಿ ಕೈ ಎತ್ತಿ ಯಾರಿಗೋ ಜೋರಾಗಿ ಏನೋ ಹೇಳುತ್ತಿದ್ದಾರೆ. ಕೇಳುವುದು ಮಾತ್ರ ಯಾವುದೋ ಸಿನಿಮಾ ಹಾಡು. ಸ್ಟುಡಿಯೋದವನು ಮೂರು ಸಿಡಿಗೂ ಮೂಲ ಧ್ವನಿ ಕಿತ್ತು ಹಾಡು ತುಂಬಿದ್ದ.

ಮಾಸ್ತರರು ರಿಮೋಟ್ ಇಸಿದುಕೊಂಡು ಸೌಂಡ್ ಏರಿಸಿದರು. ಹಾಡು ಏರಿತು. ಚಿತ್ರ ಚೌಕಚೌಕವಾಗಿ ಒಡೆದು ಅಜ್ಜಿಯ ಎತ್ತಿದ ಕೈಯ ಮೇಲೇ ನಿಂತುಬಿಟ್ಟಿತು.

“ಏನ್ ಅನ್ನಾಕತ್ಯಾಳ ಅವ್ವ?”

“ಇನ್ನೇನು,” ಅಂದರು ಅಕ್ಕಾರು ಬಾಗಿಲಲ್ಲೇ, “ಅಡಗಿಯವಗ ಬಯ್ಯಾಕತ್ಯಾರ. ಬದನಿಕಾಯಿ ಪಲ್ಯಾಕ ಉಪ್ಪು ಬಿದ್ದಿದ್ದಿಲ್ಲ ಅವತ್ತು.”