ಒಂದು 'ಎ' ಕಡಿಮೆ ಬಿದ್ದ ಊರು

ಮಗಳು ಮಸ್ಕತ್‌ನಲ್ಲಿದ್ದಾಳೆ. ಏಳನೇ ತಿಂಗಳು. ಬಾಣಂತನಕ್ಕೆ ಅವ್ವ ಬೇಕು. ಅವ್ವನಿಗೆ, ಅಂದರೆ ನನ್ನ ಹೆಂಡತಿಗೆ, ಪಾಸ್‌ಪೋರ್ಟ್ ಬೇಕು. ಒಂಬತ್ತಕ್ಕೆ ಬರಬೇಕೆಂದು ಕೂಸಿಗೆ ಗೊತ್ತು. ಸರ್ಕಾರಕ್ಕೆ ಇದನ್ನು ತಿಳಿಸುವ ಕಾಲಂ ಅರ್ಜಿಯಲ್ಲಿ ಇಲ್ಲ.

ಮಾನ್ವಿಯ ಒಂದು ಆನ್‌ಲೈನ್ ಸೆಂಟರಿಗೆ ಹೋದೆವು. ಪಹಣಿ, ಬೆಳೆವಿಮೆ, ಗೃಹಲಕ್ಷ್ಮಿ, ಪಾಸ್‌ಪೋರ್ಟ್ ಎಲ್ಲಾ ಅಲ್ಲಿ ಒಂದೇ ಕೀಬೋರ್ಡಿನಿಂದ ಹುಟ್ಟುತ್ತವೆ. ಆ ಕೀಬೋರ್ಡಿನಲ್ಲಿ 'ಎ' ಅಕ್ಷರ ಪೂರ್ತಿ ಸವೆದುಹೋಗಿದೆ. ಯಾಕೆಂದು ಸ್ವಲ್ಪ ಹೊತ್ತಿಗೆ ಗೊತ್ತಾಯಿತು.

"ಅಕ್ಕಾರ ಹೆಸರ್ರೀ?"

"ಶರಣಮ್ಮ."

"ಅದು ಗೊತ್ತಾತ್ರಿ. ಇಂಗ್ಲಿಷ್‌ನ್ಯಾಗ ಎಷ್ಟು 'ಎ' ಅದಾವು?"

ಆಧಾರ್‌ನಲ್ಲಿ ನಾಲ್ಕು. ಮತದಾರರ ಚೀಟಿಯಲ್ಲಿ ಮೂರು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ 'ಎ' ನಾಲ್ಕಿವೆ, ಆದರೆ 'ಎಂ' ಒಂದೇ. ಇನ್ನೊಂದನ್ನು ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ಮುರಿದುಕೊಂಡಿರಬೇಕು. ಶಾಲೆಯ ಟಿಸಿ ಕನ್ನಡದಲ್ಲಿದೆ. ಅದೊಂದರಲ್ಲೇ ಹೆಸರು ಸರಿಯಾಗಿರುವುದು. ಅದನ್ನು ಸೆಂಟರಿನ ಹುಡುಗ ಮಡಚಿ ವಾಪಸ್ ಕೊಟ್ಟ.

"ಇವರೆಲ್ಲಾ ಒಬ್ಬರೇ ಅನ್ನಾಕ ಪುರಾವೆ ಐತೇನ್ರಿ ಸರ?"

ಪುರಾವೆ ಎದುರಿಗೇ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿತ್ತು.

ಆಮೇಲೆ ಊರಿನ ಕಾಲಂ ಬಂತು. ಮಾನ್ವಿಯೋ ಮಾನವಿಯೋ? ಕನ್ನಡದಲ್ಲೇ ಎರಡು ಥರ ಬರೆಯುತ್ತಾರೆ. ಇಂಗ್ಲಿಷಿನಲ್ಲಂತೂ 'ಎನ್' ಆದ ಮೇಲೆ 'ಎ' ಇದೆಯೋ ಇಲ್ಲವೋ ಎಂಬುದು ಆಯಾ ಗುಮಾಸ್ತರ ಮರ್ಜಿ. ಪಕ್ಕದ ದೇವದುರ್ಗದ ಪಾಡು ಇನ್ನೂ ಚೆಂದ. ಅದು ಒಂದು ಕಾಗದದಲ್ಲಿ ದೇವದುರ್ಗ, ಇನ್ನೊಂದರಲ್ಲಿ ದೇವದುರ್ಗ್, ಮತ್ತೊಂದರಲ್ಲಿ 'ದೇವ' ಹೋಗಿ 'ದೇಓ' ಬಂದು ದೇಓದುರ್ಗ. ದೇವರಿಗೂ ಖಾತ್ರಿಯಿಲ್ಲ.

ತನ್ನ ತಾಲ್ಲೂಕಿನ ಹೆಸರನ್ನು ಒಂದೇ ಥರ ಬರೆಯಲು ಬಾರದ ಸರ್ಕಾರ ಇದು. ಏಳನೇ ಇಯತ್ತೆ ಓದಿದ ಹೆಂಗಸು ಮಾತ್ರ ಐವತ್ತು ವರ್ಷ ಎಲ್ಲಾ ಕಾಗದಗಳಲ್ಲಿ ನಾಲ್ಕು 'ಎ' ಕಾಪಾಡಿಕೊಂಡು ಬರಬೇಕಿತ್ತು. ಆ ಕಾಗದಗಳಲ್ಲಿ ಒಂದನ್ನೂ ಅವಳು ಬರೆದವಳಲ್ಲ.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತು. ಹೆಸರು ಬದಲಿಸುವ ಮನುಷ್ಯರ ಹಾಗೆ ಬೆಂಗಳೂರು ಎರಡು ದಿನಪತ್ರಿಕೆಗಳಲ್ಲಿ ಜಾಹೀರಾತು ಕೊಡಲಿಲ್ಲ. ಬಳ್ಳಾರಿ ನೋಟರಿ ಮುಂದೆ ಕೈಕಟ್ಟಿ ನಿಲ್ಲಲಿಲ್ಲ. 2019ರಲ್ಲಿ ನಮ್ಮ ಇಡೀ ಸೀಮೆಯೇ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ನನ್ನ ಹೆಂಡತಿಯ ತವರು ಮಾನ್ವಿ ತಾಲ್ಲೂಕಿನಲ್ಲಿತ್ತು. ಸಿರವಾರ ತಾಲ್ಲೂಕಾದ ಮೇಲೆ ಅಲ್ಲಿಗೆ ಹೋಯಿತು. ಊರು ಇದ್ದಲ್ಲೇ ಇದೆ, ಅಗಸಿಯೂ ಕದಲಿಲ್ಲ. ವಿಳಾಸ ಬದಲಾಯಿಸಿದ್ದಕ್ಕೆ ಕಾರಣ ಹೇಳಬೇಕಾದವಳು ಇವಳು.

ಪುಣ್ಯವಂತರೆಂದರೆ ಮಾನ್ವಿಯ ಜಗನ್ನಾಥದಾಸರು. ಶ್ರೀನಿವಾಸಾಚಾರ್ಯರಾಗಿದ್ದವರು ಜಗನ್ನಾಥದಾಸರಾದರು. ಹರಿಕಥಾಮೃತಸಾರ ಬರೆದವರೂ ಆ ಆಚಾರ್ಯರೂ ಒಬ್ಬರೇ ಎನ್ನಲು ಅಫಿಡವಿಟ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಇದೇ ಸೀಮೆಯ ಚೀಕಲಪರ್ವಿಯ ದಾಸಪ್ಪ ವಿಜಯದಾಸರಾಗಿ ಕಾಶಿಗೆ ಹೋಗಿ ಬಂದರು. ಈಗಾಗಿದ್ದರೆ ಅಂಕಿತನಾಮಕ್ಕೂ ಎರಡು ಪತ್ರಿಕೆಯ ಕಟಿಂಗ್ ಬೇಕಿತ್ತು.

ವಯಸ್ಸಿಗೆ ಬನ್ನಿ. ಟಿಸಿಯ ಪ್ರಕಾರ ಇವಳು ಜೂನ್ 1ರಂದು ಹುಟ್ಟಿದವಳು. ನಮ್ಮ ತಲೆಮಾರಿನ ಅರ್ಧ ತಾಲ್ಲೂಕು ಜೂನ್ 1ರಂದೇ ಹುಟ್ಟಿದ್ದು. ಆ ದಿನ ಹೆಡ್‌ಮಾಸ್ತರರಿಗೆ ಹೆರಿಗೆ ಬೇನೆ. ಮತದಾರರ ಚೀಟಿಯಲ್ಲಿ ಇವಳಿಗೆ 51. ಆಧಾರ್‌ನಲ್ಲಿ 49.

ಈ ಎರಡು ವರ್ಷದ ಅಂತರದಲ್ಲೇ ಭಾರತ ಸರ್ಕಾರದ ಕರುಣೆ ಅಡಗಿದೆ. 1983ರ ವಲಸೆ ಕಾಯ್ದೆಯ ಅಡಿ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ 'ಇಸಿಆರ್' ಎಂದು ಬೀಳುತ್ತದೆ. 18 ದೇಶಗಳಿಗೆ ದುಡಿಯಲು ಹೋಗುವ ಮುಂಚೆ ಇವರು ಸರ್ಕಾರದ ಒಪ್ಪಿಗೆ ಪಡೆಯಬೇಕು. ಸೌದಿ, ಕತಾರ್, ಕುವೈತ್, ಒಮಾನ್ ಎಲ್ಲಾ ಆ ಪಟ್ಟಿಯಲ್ಲಿವೆ. ಓದದವರಿಗೆ ಮೋಸ ಆಗಬಾರದೆಂಬ ಕಾಳಜಿ. ಆದರೆ 50 ದಾಟಿದರೆ ಈ ಮುದ್ರೆ ಬೇಡ. ಅಂದರೆ ಆಧಾರ್‌ನ ಶರಣಮ್ಮನಿಗೆ ಲೋಕಜ್ಞಾನವಿಲ್ಲ, ಮತದಾರರ ಚೀಟಿಯ ಶರಣಮ್ಮನಿಗೆ ತುಂಬಿ ತುಳುಕುತ್ತಿದೆ. ಇಬ್ಬರೂ ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾರೆ.

"ಚಿಂತಿ ಬ್ಯಾಡ್ರಿ, ನೌಕರಿಗೆ ಹೋಗೋರಿಗೆ ಅಷ್ಟ ಅದು. ಬಾಣಂತನ ನೌಕರಿ ಅಲ್ಲಲ್ರಿ" ಎಂದ ಹುಡುಗ. ಸರ್ಕಾರದ ಅಭಿಪ್ರಾಯವೂ ಅದೇ. ನನ್ನ ಹೆಂಡತಿಯದು ಬೇರೆ.

2018ರ ಜನವರಿಯಲ್ಲಿ ಈ ಕಾಳಜಿ ಇನ್ನೂ ಉಕ್ಕಿತ್ತು. ಇಸಿಆರ್ ಇರುವವರಿಗೆ ಕಿತ್ತಳೆ ಬಣ್ಣದ ರಟ್ಟಿನ ಪಾಸ್‌ಪೋರ್ಟ್ ಕೊಡುತ್ತೇವೆಂದು ಹೊರಟರು. ಹತ್ತನೇ ಫೇಲು ಎಂಬುದು ವಿಮಾನ ನಿಲ್ದಾಣದ ಆ ತುದಿಯಿಂದಲೇ ಕಾಣಲಿ ಎಂದು. ಜನ ಉಗಿದರು. ಅದೇ ತಿಂಗಳು ಮಾತು ವಾಪಸ್.

ಇಷ್ಟೆಲ್ಲಾ ಕಾಳಜಿ ವಿಮಾನ ಹತ್ತುವವರಿಗೆ ಮಾತ್ರ. ಇದೇ ಜಿಲ್ಲೆಯಿಂದ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವವರು ಕೊಡ, ಹಾಸಿಗೆ, ಕೂಸು ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಅವರೂ ಹತ್ತನೇ ಪಾಸಾಗಿಲ್ಲ. ಅವರಿಗೂ ಮೋಸವಾಗುತ್ತದೆ. ಅವರ ಹೆಸರಿನಲ್ಲಿ ಎಷ್ಟು 'ಎ' ಎಂದು ಮೇಸ್ತ್ರಿಯೂ ಕೇಳುವುದಿಲ್ಲ, ಸರ್ಕಾರವೂ ಕೇಳುವುದಿಲ್ಲ.

ಯಾರೂ ಪಾಸ್‌ಪೋರ್ಟಿಗಾಗಿ 50 ಕಿಲೋಮೀಟರ್‌ಗಿಂತ ದೂರ ಹೋಗಬಾರದು ಎಂದು 2017ರಲ್ಲಿ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಹೇಳಿದ್ದರು. ಅಂಚೆ ಕಚೇರಿಗಳಲ್ಲಿ ಸೇವಾ ಕೇಂದ್ರ ಬಂದವು. ರಾಜ್ಯದಲ್ಲಿ ಮೊದಲನೆಯದು ಮೈಸೂರಿನಲ್ಲಿ, ಆಮೇಲೆ ರಾಯಚೂರಿಗೂ ಬಂತು. ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಮಾನ್ವಿ ಆ ಐವತ್ತರ ಗೆರೆಯ ಮೇಲೆ ಕಾಲಿಟ್ಟು ಕೂತಿದೆ. ಸಿಂಧನೂರು, ಲಿಂಗಸುಗೂರಿನವರು ಗೆರೆಯ ಆಚೆಯವರು. ಅವರು ದೂರ ಹೋಗುತ್ತಿಲ್ಲ, ದೂರ ಹುಟ್ಟಿದ್ದಾರೆ.

ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಇನ್ನೊಂದು ತಮಾಷೆ. ಕಂಡಕ್ಟರ್ ಆಧಾರ್ ಕಾರ್ಡಿನ ಮೇಲೆ ಅರ್ಧ ಕಣ್ಣು ಹಾಯಿಸಿ ಇವಳಿಗೆ ಶೂನ್ಯ ಟಿಕೆಟ್ ಹರಿದುಕೊಡುತ್ತಾನೆ. ಇವಳು ಕರ್ನಾಟಕದ ಹೆಂಗಸು ಎಂದು ನಂಬಲು ರಾಜ್ಯ ಸರ್ಕಾರಕ್ಕೆ ಎರಡು ಸೆಕೆಂಡು ಸಾಕು. ಕೇಂದ್ರ ಸರ್ಕಾರ ಪೊಲೀಸರನ್ನೇ ಮನೆಗೆ ಕಳಿಸುತ್ತದೆ. 21 ದಿನದಲ್ಲಿ ವರದಿ ಕೊಟ್ಟರೆ ಅದಕ್ಕೆ 150 ರೂಪಾಯಿಯನ್ನೂ ಕೊಡುತ್ತದೆ. ಅಷ್ಟರ ಮೇಲೂ ಚಹಾದ ಮಾತು ಬಂತೆಂದು ಬೇರೆ ಜಿಲ್ಲೆಯ ಗೆಳೆಯನೊಬ್ಬ ಹೇಳಿದ. ಯಾವ ಠಾಣೆ ಎಂದು ಕೇಳಬೇಡಿ. ನಿಮಗೆ ಗೊತ್ತಿರುವುದೇ ಇರಬಹುದು.

ದುಡ್ಡಿದ್ದರೆ ಅನುಮಾನವೂ ತಾಳಿಕೊಳ್ಳುತ್ತದೆ. ಮಾಮೂಲಿ ಶುಲ್ಕ 1,500. ತತ್ಕಾಲ್ ಬೇಕೆಂದರೆ ಇನ್ನೂ 2,000. ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಮೊದಲು, ಪೊಲೀಸ್ ತಪಾಸಣೆ ಆಮೇಲೆ. 1,500 ಕಟ್ಟಿದವಳು ದೇಶಕ್ಕೆ ಅಪಾಯವೋ ಏನೋ, ನೋಡಬೇಕು. 3,500 ಕಟ್ಟಿದವಳು ಹೋಗಿ ಬರಲಿ, ಆಮೇಲೆ ನೋಡೋಣ.

ಪಾಸ್‌ಪೋರ್ಟಿಗೂ ಜಾತಿಯಿದೆ. ನಮಗೆ ನೀಲಿ. ಸಂಸದರಿಗೆ ಕೆಂಪುಗಂದು ಬಣ್ಣದ ರಾಜತಾಂತ್ರಿಕ ಪಾಸ್‌ಪೋರ್ಟ್. ವಿಜಯ್ ಮಲ್ಯರನ್ನು ರಾಜ್ಯಸಭೆಗೆ ಆರಿಸಿದ್ದು ನಮ್ಮ ಶಾಸಕರೇ. ಬ್ಯಾಂಕುಗಳು ಸಾಲ ವಾಪಸ್ ಕೇಳುತ್ತಿದ್ದಾಗ 2016ರ ಮಾರ್ಚ್ 2ರಂದು ಅದೇ ಕೆಂಪುಗಂದು ಹಿಡಿದು ಲಂಡನ್ನಿಗೆ ನಡೆದರು. 2024ರ ಏಪ್ರಿಲ್‌ನಲ್ಲಿ ಮತದಾನ ಮುಗಿದ ಬೆನ್ನಿಗೇ ಹಾಸನದ ಸಂಸದ ಪ್ರಜ್ವಲ್ ರೇವಣ್ಣ ಜರ್ಮನಿಗೆ ಹೋದರು. ಅನುಮತಿ ಕೇಳಿರಲಿಲ್ಲ, ವೀಸಾ ಬೇಕಿರಲಿಲ್ಲ ಎಂದು ವಿದೇಶಾಂಗ ಸಚಿವಾಲಯ ತಣ್ಣಗೆ ಹೇಳಿತು. ಅವರು ವಾಪಸ್ ಬಂದದ್ದು ಮೇ 31ಕ್ಕೆ. ಇವರಿಬ್ಬರ ಹೆಸರಿನ ಸ್ಪೆಲಿಂಗ್ ಎಲ್ಲಾ ಕಾಗದಗಳಲ್ಲೂ ಒಂದೇ ಇತ್ತು. ಸಂದೇಹವೇ ಬೇಡ.

ಶರಣಮ್ಮರೆಲ್ಲಾ ಒಬ್ಬಳೇ ಎಂದು ಕೊನೆಗೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಟೈಪ್ ಮಾಡಿದವನು ಅದರಲ್ಲಿ ನನ್ನ ಹೆಸರನ್ನು ತಪ್ಪಾಗಿ ಹೊಡೆದಿದ್ದ. ಅದನ್ನು ತಿದ್ದಿಸಿ ಮನೆಗೆ ಬರುವ ಹೊತ್ತಿಗೆ ಮಸ್ಕತ್‌ನಿಂದ ಫೋನು. ಮಗಳು ಕೂಸಿಗೆ ಹೆಸರು ಹುಡುಕುತ್ತಿದ್ದಾಳಂತೆ.

"ಏನಾರ ಇಡವಾ, 'ಎ' ಇರದಂಗ ನೋಡಿ ಇಡು" ಎಂದಳು ಇವಳು.

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿಸಿತು:

"ಅಂಥಾ ಹೆಸರು ಯಾವ ಅದಾವಬೇ ಯವ್ವಾ?"